ಅಳತೆಗೆ ಒದಗಿದ ಸೌಂಡ್ ಕಾರ್ಡ್

ಹಾಡು ಕೇಳಿಸಲೆಂದು ಹುಟ್ಟಿದ ಸೌಂಡ್ ಕಾರ್ಡ್ ಅಳತೆಯ ಮೇಜಿನ ಮೇಲೆ ತೋರುವ ನಿಷ್ಠೆ ನನಗೆ ಬಹಳ ಇಷ್ಟ. ಒಳ್ಳೆಯ 24 ಬಿಟ್ ಕಾರ್ಡು ಸೆಕೆಂಡಿಗೆ 96,000 ಮಾದರಿಗಳನ್ನು ಕೊಡುತ್ತದೆ. ಅದರೊಳಗಿನ ಸಿಗ್ಮಾ-ಡೆಲ್ಟಾ ಪರಿವರ್ತಕ ಮೊದಲು ಹಲವು ಪಟ್ಟು ವೇಗದಲ್ಲಿ ಮಾದರಿ ತೆಗೆದು, ಗದ್ದಲವನ್ನು ಕಿವಿಗೆ ಕೇಳದ ಆವರ್ತನಗಳತ್ತ ತಳ್ಳಿ, ಆಮೇಲೆ ಡಿಜಿಟಲ್ ಫಿಲ್ಟರಿನಲ್ಲಿ ಸೋಸುತ್ತದೆ. ಆಂಪ್ಲಿಫೈಯರಿನ ವಿರೂಪ ಹುಡುಕಲು ಇದು ಧಾರಾಳ ಸಾಕು. 4,096 ಮೆಟ್ಟಿಲುಗಳಷ್ಟೇ ಇರುವ 12 ಬಿಟ್‌ನ ಅಗ್ಗದ ಡೇಟಾ ಅಕ್ವಿಸಿಷನ್ ಕಾರ್ಡಿಗೆ ಆ ನವಿರು ದಕ್ಕದು.

ಆದರೆ ಬ್ಯಾಟರಿಯ ವೋಲ್ಟೇಜ್ ಎಷ್ಟೆಂದು ಕೇಳಿದರೆ ಸೌಂಡ್ ಕಾರ್ಡ್ ಮೌನ. ಒಳಬಾಗಿಲಲ್ಲೇ ಕುಳಿತ ಕೆಪಾಸಿಟರ್ ನೇರ ವಿದ್ಯುತ್ತನ್ನು ತಡೆಯುತ್ತದೆ. ವಾಲ್ಯೂಮ್ ಸ್ಲೈಡರ್ ಸರಿದರೆ ಅಳತೆಗೋಲೇ ಬದಲು. ಇಲ್ಲಿ ಡೇಟಾ ಅಕ್ವಿಸಿಷನ್ ಕಾರ್ಡಿಗೆ ತಲೆಬಾಗಲೇಬೇಕು. ಅದು ಶೂನ್ಯ ಹರ್ಟ್ಸಿನಿಂದಲೇ ಓದುತ್ತದೆ, ±10 ವೋಲ್ಟಿನಂಥ ಖಚಿತ ವ್ಯಾಪ್ತಿಯಲ್ಲಿ ನಿಂತು ವೋಲ್ಟಿನಲ್ಲೇ ಉತ್ತರಿಸುತ್ತದೆ.

ಆದರೂ ದುಬಾರಿ ಉಪಕರಣ ಕೊಳ್ಳಲಾಗದ ವಿದ್ಯಾರ್ಥಿಗೆ ನಾನು ಮೊದಲು ಸೂಚಿಸುವುದು ಸೌಂಡ್ ಕಾರ್ಡನ್ನೇ. ಒಳದಾರಿಗೆ ರೆಸಿಸ್ಟರುಗಳ ವಿಭಾಜಕ ಕಟ್ಟಿ, ಮಲ್ಟಿಮೀಟರಿನಲ್ಲಿ ಅಳೆದ 100 ಹರ್ಟ್ಸಿನ ಸೈನ್ ಅಲೆಯೊಂದನ್ನು ಕೊಟ್ಟು ಪ್ರಮಾಣ ಗೊತ್ತುಮಾಡಿಕೊಳ್ಳಲಿ. ಆಮೇಲೆ ಆ ಸ್ಲೈಡರನ್ನು ಯಾರೂ ಮುಟ್ಟದಂತೆ ನೋಡಿಕೊಂಡರೆ, ಶ್ರವ್ಯ ಆವರ್ತನಗಳ ಅಳತೆ ಅವರ ಕೈಯಲ್ಲೇ ಇದೆ.