ಸರಕು ವ್ಯಾನಿನ ಕ್ಯಾಂಪರ್: ತುಮಕೂರು ಸೀಮೆಯಿಂದ ಒಂದು ಪರಿಶೀಲನೆ

ಸರಕು ಸಾಗಿಸಲೆಂದು ತಯಾರಾದ ವ್ಯಾನಿನೊಳಗೆ ಹಾಸಿಗೆ, ಕಪಾಟು, ಒಲೆ, ನೀರಿನ ಟ್ಯಾಂಕು, ಬ್ಯಾಟರಿ ಕೂಡಿಸಿ ಅದನ್ನು ತಂಗುವ ವಾಹನವಾಗಿಸುವುದೇ ಕ್ಯಾಂಪರ್ ಕಟ್ಟುವ ಕೆಲಸ. ಯುರೋಪು, ಅಮೆರಿಕಗಳ ಬಂಡೆ ಹತ್ತುವವರೂ ಬೆಟ್ಟದ ಸೈಕಲ್ ಸವಾರರೂ ಬೆಳೆಸಿದ ಈ ರೂಢಿ ಈಗ ಕರ್ನಾಟಕಕ್ಕೂ ಬಂದಿದೆ. ಗಾಡಿಯ ಬಳಿಯೇ ಬೇಯಿಸಿ ತಿಂದು ಮಲಗುವುದು ತುಮಕೂರು ಸೀಮೆಗೆ ಹೊಸದೇನಲ್ಲ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯಲ್ಲಿ ಕೂಡುವ ದನಗಳ ಜಾತ್ರೆಗೆ ಎತ್ತು ಹೊಡೆದುಕೊಂಡು ಬರುವ ರೈತರು ದಿನಗಟ್ಟಲೆ ಬಯಲಲ್ಲೇ ಬಿಡಾರ ಹೂಡುತ್ತಾರೆ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಪರದೆ, ಪೆಟ್ಟಿಗೆ, ಪಾತ್ರೆಪಡಗಗಳೊಂದಿಗೆ ಊರಿಂದೂರಿಗೆ ಕ್ಯಾಂಪು ಬದಲಿಸುತ್ತಲೇ ಬೆಳೆಯಿತು. ಈ ಎರಡು ಬಿಡಾರಗಳಲ್ಲೂ ಎಲ್ಲವೂ ಬಿಚ್ಚುವಂಥದ್ದು, ಮತ್ತೆ ಕಟ್ಟುವಂಥದ್ದು. ಈಗಿನ ಕ್ಯಾಂಪರ್ ಬಿಟ್ಟುಕೊಟ್ಟಿರುವ ಗುಣ ಅದೇ, ಮರಳಿ ಪಡೆಯಬೇಕಾದ್ದೂ ಅದೇ.

ಇಂಥ ವಾಹನ ಯಾರಿಗೆ ಬೇಕು ಎಂಬುದು ಮೊದಲ ಪ್ರಶ್ನೆ. ತುಮಕೂರಿನಿಂದ ದೇವರಾಯನದುರ್ಗಕ್ಕೆ ಹದಿನೈದು ಕಿಲೋಮೀಟರಿನಷ್ಟು ದಾರಿ. ಮಧುಗಿರಿಯ ಏಕಶಿಲಾ ಬೆಟ್ಟ, ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗ ಎರಡನ್ನೂ ನಸುಕಿಗೆ ಹೊರಟು ಬಿಸಿಲೇರುವ ಮುನ್ನ ಹತ್ತಿ ಇಳಿಯಬಹುದು. ಇವಕ್ಕೆಲ್ಲ ಒಂದು ಬೈಕು, ಒಂದು ಚೀಲ ಸಾಕು. ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ ಮಲಗಲೆಂದು ಲಕ್ಷಾಂತರ ರೂಪಾಯಿ ಸುರಿಯುವುದಕ್ಕೆ ಅರ್ಥವಿಲ್ಲ. ವಾಹನಕ್ಕೆ ಬೆಲೆ ಬರುವುದು ದೂರದ ಬಂಡೆಗಳಿಗೆ ಹೊರಟಾಗ. ಬಾದಾಮಿಯ ಮರಳುಗಲ್ಲಿನ ಗೋಡೆಗಳಲ್ಲಿ ವಾರಗಟ್ಟಲೆ ಅಭ್ಯಾಸ ಮಾಡುವವರಿಗೆ, ಹಂಪಿಯ ಗುಂಡುಗಳ ನಡುವೆ ಬೆಳಗಿನ ಮತ್ತು ಸಂಜೆಯ ತಂಪನ್ನಷ್ಟೇ ನೆಚ್ಚಿಕೊಂಡವರಿಗೆ, ಹಗ್ಗ, ಕೊಂಡಿ, ಬಿದ್ದಾಗ ಪೆಟ್ಟು ತಡೆಯುವ ಕ್ರ್ಯಾಶ್ ಪ್ಯಾಡುಗಳನ್ನು ಬಂಡೆಯ ಹತ್ತಿರದಲ್ಲೇ ಇಟ್ಟುಕೊಳ್ಳುವುದು ದೊಡ್ಡ ಅನುಕೂಲ. ಹಂಪಿಯ ಕಡೆ ಹತ್ತುವವರು ತಂಗುತ್ತಿದ್ದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ನೆಲಸಮವಾದವು. ಅಲ್ಲಿಂದೀಚೆಗೆ ಈ ಅನುಕೂಲದ ತೂಕ ಇನ್ನೂ ಹೆಚ್ಚಿದೆ.

ಮೂಲ ವಾಹನದ ಆಯ್ಕೆಯಲ್ಲೇ ಅರ್ಧ ಫಲಿತಾಂಶ ತೀರ್ಮಾನವಾಗುತ್ತದೆ. 1984ರಿಂದ 2019ರವರೆಗೆ ತಯಾರಾದ ಮಾರುತಿ ಓಮ್ನಿ ಹಳೆಯ ಗಾಡಿಯಾಗಿ ಅಗ್ಗಕ್ಕೆ ಸಿಗುತ್ತದೆ, ಯಾವ ಹೋಬಳಿಯ ಮೆಕ್ಯಾನಿಕ್ಕಿಗೂ ಅದರ ರಿಪೇರಿ ಗೊತ್ತು. ಆದರೆ 796 ಸಿಸಿಯ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಗಾಡಿ ನಿಂತ ಮೇಲೂ ಬಿಸಿ ಒಳಗೇ ಏರುತ್ತದೆ. ಅದರ ಮೇಲೆ ಸಾಮಾನು ಹೇರಿ ಘಾಟಿ ಹತ್ತಿಸುವುದು ಎಂಜಿನ್ನಿಗೂ ಬ್ರೇಕಿಗೂ ಹಿಂಸೆ. ಟಾಟಾ ವಿಂಗರ್ ಕಾರ್ಗೋದಲ್ಲಿ ಜಾಗ ಧಾರಾಳ: ಸರಕಿನ ಭಾಗ 3,240 ಮಿಲಿಮೀಟರ್ ಉದ್ದ, 1,640 ಅಗಲ, 1,900 ಎತ್ತರ; ಹೊರುವ ಭಾರ 1,680 ಕಿಲೋ. ಒಳಗೆ ನೆಟ್ಟಗೆ ನಿಂತು ಬಟ್ಟೆ ಬದಲಿಸಬಹುದು. ವಿದೇಶಿ ವಿಡಿಯೊಗಳಲ್ಲಿ ಕಾಣುವಂತೆ ಹಾಸಿಗೆಯನ್ನು ಅಡ್ಡಲಾಗಿ ಹಾಕಲು ಮಾತ್ರ ಆ ಅಗಲ ಸಾಲದು. ಗೋಡೆಗೆ ಹೊದಿಕೆ ಕೂಡಿಸಿದ ಮೇಲೆ ಐದಡಿಗಿಂತ ಸ್ವಲ್ಪವೇ ಹೆಚ್ಚು ಉಳಿಯುತ್ತದೆ; ಎತ್ತರದ ಆಳು ರಾತ್ರಿಯಿಡೀ ಮಂಡಿ ಮಡಿಸಿಕೊಂಡೇ ಮಲಗಬೇಕು. ಹಾಸಿಗೆ ಉದ್ದುದ್ದಕ್ಕೆ ಇರಲಿ, ಎರಡೂವರೆ ಮೂರು ಅಡಿ ಎತ್ತರದಲ್ಲಿರಲಿ, ಮುಂದಿನ ಚಕ್ರ ಬಿಚ್ಚಿದ ಸೈಕಲ್ಲುಗಳು ಅದರ ಕೆಳಗೆ ಹೋಗಲಿ. ಈ ಗಾತ್ರದ ವ್ಯಾನಿಗೆ ಹೊಂದುವ ವಿನ್ಯಾಸ ಇದು.

ಈ ರೂಢಿಯ ಅತಿ ದೊಡ್ಡ ತಪ್ಪು ನಡೆಯುವುದು ಹವೆಯ ವಿಷಯದಲ್ಲಿ. ಹಿಮದ ನಾಡಿನವರು ಗೋಡೆ, ನೆಲ, ಛಾವಣಿಗೆಲ್ಲ ದಪ್ಪ ಹೊದಿಕೆ ತುಂಬಿ, ಕಿಟಕಿ ಕಡಿಮೆ ಮಾಡಿ, ಹೀಟರ್ ಕೂಡಿಸುತ್ತಾರೆ. ಅದನ್ನೇ ನಕಲು ಮಾಡಿದ ವ್ಯಾನು ಏಪ್ರಿಲ್ ತಿಂಗಳಲ್ಲಿ ಗುಬ್ಬಿಯ ಬಯಲಿನಲ್ಲಿ ನಿಂತರೆ ಹಗಲು ಕುಡಿದ ಕಾವನ್ನು ಮಧ್ಯರಾತ್ರಿಯವರೆಗೂ ಬಿಡುವುದಿಲ್ಲ. ಈ ಸೀಮೆಯಲ್ಲಿ ತಡೆಯಬೇಕಾದದ್ದು ಮೇಲಿನಿಂದ ಇಳಿಯುವ ಬಿಸಿ, ಬೇಕಾದದ್ದು ಅಡ್ಡ ಹಾಯುವ ಗಾಳಿ. ಛಾವಣಿಗೆ ಬಿಳಿ ಬಣ್ಣ ಹೊಡೆದು, ಅದರ ಒಳಮೈಗೆ ಮಾತ್ರ ಬೆಳ್ಳಿಹಾಳೆ ಅಂಟಿಸಿದ ಫೋಮ್ ಹಾಕಿದರೆ ಸಾಕು. ಎದುರುಬದುರು ಎರಡು ಕಿಟಕಿ, ಅವಕ್ಕೆ ಸೊಳ್ಳೆ ಪರದೆ, ಬಿಸಿಗಾಳಿಯನ್ನು ಹೊರಗೆಳೆಯಲು ಒಂದು ಫ್ಯಾನು ಇದ್ದರೆ ರಾತ್ರಿ ಕಳೆಯುತ್ತದೆ. ಹಾಸಿಗೆಯ ವಿಷಯದಲ್ಲಂತೂ ಹೊರಗೆ ಹುಡುಕಬೇಕಾದ್ದೇ ಇಲ್ಲ. ಗುಬ್ಬಿ, ತಿಪಟೂರುಗಳು ತೆಂಗಿನ ನಾಡು. ಗಾಳಿಯಾಡುವ, ಬೆವರು ಹಿಡಿದಿಡದ ನಾರಿನ ಹಾಸಿಗೆ ದುಬಾರಿ ಮೆಮೊರಿ ಫೋಮಿಗಿಂತ ಈ ಹವೆಗೆ ಎಷ್ಟೋ ವಾಸಿ.

ವಿದ್ಯುತ್ತಿನ ಲೆಕ್ಕ ಸರಳವಾಗಿದ್ದರೂ ಹಲವರು ಅದನ್ನು ಮಾಡುವುದೇ ಇಲ್ಲ. 30 ವ್ಯಾಟಿನ ಫ್ಯಾನು ರಾತ್ರಿಯಲ್ಲಿ ಒಂಬತ್ತು ಗಂಟೆ ತಿರುಗಿದರೆ 270 ವ್ಯಾಟ್-ಅವರ್. ದೀಪ, ಫೋನು ಸೇರಿಸಿದರೂ ದಿನಕ್ಕೆ 400 ದಾಟದು. 12 ವೋಲ್ಟ್, 100 ಆಂಪಿಯರ್-ಅವರಿನ ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ ಸುಮಾರು 1,280 ವ್ಯಾಟ್-ಅವರ್ ಇರುತ್ತದೆ; ಮೂರು ರಾತ್ರಿಗೆ ಸಾಕು. ಅದೇ ಬ್ಯಾಟರಿಗೆ ಒಂದು ಟನ್ನಿನ ಏಸಿ ಜೋಡಿಸಿದರೆ ಒಂದು ಗಂಟೆಗೆಲ್ಲ ಖಾಲಿ. ಏಸಿಯ ಆಸೆ ಬಿಟ್ಟರೆ ಬ್ಯಾಟರಿಯ ಖರ್ಚೂ ಭಾರವೂ ಎಷ್ಟೋ ಇಳಿಯುತ್ತವೆ. ಬಿಸಿಲಿಗಂತೂ ಬರವಿಲ್ಲ, 2,050 ಮೆಗಾವ್ಯಾಟಿನ ಪಾವಗಡ ಸೌರ ಪಾರ್ಕು ಇದೇ ಜಿಲ್ಲೆಯದು. ತುಮಕೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಆದ್ದರಿಂದ ಸೋಲಾರ್ ಪ್ಯಾನೆಲ್ಲನ್ನು ಓರೆಯಾಗಿ ನಿಲ್ಲಿಸುವ ಗೋಜಿಲ್ಲದೆ ಛಾವಣಿಯ ಮೇಲೆ ಮಟ್ಟಸವಾಗಿ ಮಲಗಿಸಿದರೂ ನಷ್ಟ ಅಲ್ಪ, 200 ವ್ಯಾಟಿನ ಒಂದೇ ಪ್ಯಾನೆಲ್ ದಿನದ ಖರ್ಚನ್ನು ತುಂಬಿಕೊಡುತ್ತದೆ. ಅಗ್ಗವೆಂದು ಲಾರಿಯ ಆಸಿಡ್ ಬ್ಯಾಟರಿ ಇಡುವವರು ಇನ್ನೊಂದನ್ನು ನೆನಪಿಡಬೇಕು. ಹತ್ತುವ ಹಗ್ಗ ನೈಲಾನಿನದು. ಬ್ಯಾಟರಿಯ ಗಂಧಕಾಮ್ಲ ಸೋಕಿದರೆ ಹೊರಗೆ ಗುರುತೇ ಕಾಣದಂತೆ ಅದರ ಬಲ ಕುಸಿಯುತ್ತದೆ. ಹಗ್ಗ, ಹಾರ್ನೆಸ್ಸುಗಳಿರುವ ಪೆಟ್ಟಿಗೆಯಲ್ಲಿ ಆಸಿಡ್ ಬ್ಯಾಟರಿ ಇಡುವುದು ಜೀವಕ್ಕೇ ಅಪಾಯ.

ಮರಗೆಲಸದಲ್ಲಿಯೂ ಅತಿಯಾಸೆ ಎದ್ದು ಕಾಣುತ್ತದೆ. ಎಂಟಡಿಗೆ ನಾಲ್ಕಡಿಯ 12 ಮಿಲಿಮೀಟರ್ ಪ್ಲೈವುಡ್ ಹಲಗೆಯೊಂದು 20 ಕಿಲೋ ತೂಗುತ್ತದೆ, ನೂರು ಲೀಟರ್ ನೀರು ನೂರು ಕಿಲೋ. ಕೈತೊಳೆಯುವ ಸಿಂಕು, ತೂಗು ಕಪಾಟು, ಶವರ್ ಎಂದು ಸೇರಿಸುತ್ತ ಹೋದರೆ ಸಣ್ಣ ವ್ಯಾನು ಸವಾರರು ಹತ್ತುವ ಮೊದಲೇ ತುಂಬಿರುತ್ತದೆ. ಭಾರವೆಲ್ಲ ಮೇಲಿದ್ದರೆ ದೇವರಾಯನದುರ್ಗದ ತಿರುವುಗಳಲ್ಲಿ ಗಾಡಿ ಓಲಾಡುತ್ತದೆ. ಒಲೆಯನ್ನು ಒಳಗೆ ಕೂಡಿಸುವುದಂತೂ ಬೇಡವೇ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದ್ದು ನೆಲದಲ್ಲೇ ತಂಗುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಉರಿಯುವ ಒಲೆ ವಿಷಾನಿಲ ಬಿಡುತ್ತದೆ. ಹಿಂಬಾಗಿಲು ತೆರೆದು ಹೊರಗಿಟ್ಟ ಒಲೆಯಲ್ಲಿ ಮುದ್ದೆ ತೊಳಸುವುದು ಸುಲಭವೂ ಹೌದು, ಕ್ಷೇಮವೂ ಹೌದು.

ಕಾನೂನು ಈ ಉತ್ಸಾಹಕ್ಕೆ ಹಾಕಿರುವ ಬೇಲಿ ಬಿಗಿಯಾದದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಐದು ಸಾವಿರ ರೂಪಾಯಿ ದಂಡ ಇಲ್ಲವೆ ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಿದೆ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನು ಕೇಂದ್ರದ ವರ್ಗೀಕರಣದಲ್ಲಿ ಖಾಸಗಿ ವಾಹನವೇ ಆಗಿದ್ದರೂ, ಮೋಟಾರ್ ಕ್ಯಾರವಾನಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಊರಿನ ವೆಲ್ಡಿಂಗ್ ಶೆಡ್ಡಿನಲ್ಲಿ ಕಟ್ಟಿದ್ದು ಅದನ್ನು ದಾಟುವುದು ಕಷ್ಟ. ಹಳದಿ ಬೋರ್ಡಿನ ಸರಕು ವ್ಯಾನಿನ ಹಿಂಭಾಗದಲ್ಲಿ ಜನರನ್ನು ಕೂರಿಸಿ ಓಡಿಸುವುದು ಕಾನೂನುಬಾಹಿರ, ಅಪಘಾತವಾದರೆ ವಿಮೆಯ ಆಸರೆಯೂ ಕೈತಪ್ಪಬಹುದು. ಬೆಲ್ಟಿಲ್ಲದ ಅಡ್ಡ ಬೆಂಚಿನ ಮೇಲೆ ಕೂತ ಮಗುವಿಗೆ ಪೆಟ್ಟಾಗಲು ಗಟ್ಟಿ ಬ್ರೇಕೊಂದೇ ಸಾಕು. ಹೀಗಿರುವಾಗ ಸರಕು ವ್ಯಾನಿನಿಂದ ಶುರುಮಾಡುವುದೇ ತಪ್ಪು ಹೆಜ್ಜೆ. ಬಿಳಿ ಬೋರ್ಡಿನ ಐದು ಸೀಟಿನ ಮಾರುತಿ ಈಕೋದಂಥ ವಾಹನ ಕೊಂಡು, ಸೀಟು ಬೆಲ್ಟುಗಳನ್ನು ಇದ್ದಂತೆಯೇ ಉಳಿಸಿ, ಹಿಂದಿನ ಜಾಗದಲ್ಲಿ ಹಗ್ಗದಿಂದ ಬಿಗಿದ ಮಡಿಸುವ ಮಂಚ, ಒಲೆಯ ಪೆಟ್ಟಿಗೆ, ಬ್ಯಾಟರಿ ಪೆಟ್ಟಿಗೆ ಇಟ್ಟುಕೊಂಡರೆ ಅದು ಲಗೇಜಷ್ಟೇ. ವಾಹನದ ಮೈಗೆ ಒಂದು ತೂತನ್ನೂ ಕೊರೆಯಬೇಕಾಗಿಲ್ಲ, ಸೋಮವಾರ ಅದೇ ಗಾಡಿ ಮಕ್ಕಳನ್ನು ಶಾಲೆಗೆ ಬಿಡುತ್ತದೆ. ನೆಟ್ಟಗೆ ನಿಲ್ಲುವಷ್ಟು ಎತ್ತರ, ಸೈಕಲ್ ಮಲಗಿಸುವ ಜಾಗ ಇದರಲ್ಲಿಲ್ಲ ಎಂಬುದು ನಿಜ. ಅವು ಬೇಕೇ ಬೇಕೆನ್ನುವವರು ಪ್ರಮಾಣಿತ ಕ್ಯಾರವಾನನ್ನೇ ಕೊಳ್ಳಬೇಕು ಇಲ್ಲವೆ ಬಾಡಿಗೆಗೆ ಪಡೆಯಬೇಕು.

ಡೇರೆಗಿಂತ ವ್ಯಾನು ಮೇಲೆನ್ನಲು ಇಲ್ಲಿ ಒಂದು ಗಟ್ಟಿ ಕಾರಣವಿದೆ. 2019ರ ಕೊನೆಯಿಂದ 2020ರ ಆರಂಭದವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ಬಲಿಯಾದರು. ತೋಟ, ಪೊದೆ, ಬಂಡೆಗಳು ಒತ್ತಾಗಿರುವ ಈ ನೆಲದಲ್ಲಿ ತಗಡಿನ ಗೋಡೆಯೊಳಗಿನ ನಿದ್ದೆಗೆ ಅರ್ಥವಿದೆ. ಹಾಗೆಂದು ದೇವರಾಯನದುರ್ಗದ ಕಾಡಿನಂಚಿನಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ನಿಲ್ಲುವಂತಿಲ್ಲ. ಕೆರೆ ಏರಿಯೂ ಗಾಡಿ ನಿಲ್ಲಿಸುವ ಜಾಗವಲ್ಲ. ಮಳೆಗಾಲದಲ್ಲಿ ಭಾರದ ಚಕ್ರ ಅದರ ಮಣ್ಣನ್ನು ಕುಸಿಯುವಂತೆ ಮಾಡುತ್ತದೆ. ಪರಿಚಯದವರ ತೋಟವಾಗಲಿ, ಹೆದ್ದಾರಿಯ ಪೆಟ್ರೋಲ್ ಬಂಕಾಗಲಿ, ಕೇಳಿಯೇ ನಿಲ್ಲಬೇಕು. ತೊಳೆದ ನೀರನ್ನು ಕ್ಯಾನಿನಲ್ಲಿ ಹಿಡಿದಿಟ್ಟು ಚರಂಡಿ ಸಿಗುವ ಕಡೆ ಚೆಲ್ಲಬೇಕು, ಕೆರೆಗಲ್ಲ. ಕುಣಿಗಲ್ ದೊಡ್ಡಕೆರೆ, ಗುಬ್ಬಿ ತಾಲ್ಲೂಕಿನ ಕಡಬ ಕೆರೆ, ಮಾರ್ಕೋನಹಳ್ಳಿ ಜಲಾಶಯಗಳ ನೀರು ದನಕರುಗಳಿಗೆ, ಗದ್ದೆ ತೋಟಗಳಿಗೆ ಬೇಕಾದದ್ದು, ಬುಗುಡನಹಳ್ಳಿ ಕೆರೆಯಲ್ಲಿ ನಿಲ್ಲುವ ಹೇಮಾವತಿಯಂತೂ ತುಮಕೂರು ನಗರ ಕುಡಿಯುವ ನೀರು.