ಹೆಸರು ಹಿಡಿದು ಬೇಡುವುದು

1941ರ ಆಗಸ್ಟ್ ಕೊನೆಯ ಒಂದು ಸಂಜೆ ಬರ್ಲಿನ್ನಿನ ಸಂತ ಹೆಡ್ವಿಗ್ ಪ್ರಧಾನಾಲಯಕ್ಕೆ ಇಬ್ಬರು ವಿದ್ಯಾರ್ಥಿನಿಯರು ಬಂದರು. ಒಳಗೆ ಸಂಜೆಯ ಪ್ರಾರ್ಥನೆ ನಡೆಯುತ್ತಿತ್ತು. ಅರವತ್ತೈದರ ಪಾದ್ರಿ ಬರ್ನ್‌ಹಾರ್ಡ್ ಲಿಶ್ಟನ್‌ಬರ್ಗ್ ಎಲ್ಲರ ಕಿವಿಗೂ ಬೀಳುವಂತೆ ಯೆಹೂದ್ಯರಿಗಾಗಿ, ಸೆರೆಶಿಬಿರಗಳಲ್ಲಿದ್ದವರಿಗಾಗಿ ದೇವರನ್ನು ಬೇಡುತ್ತಿದ್ದರು. ಕೇಳಿಸಿಕೊಂಡ ಹುಡುಗಿಯರು ಹೋಗಿ ದೂರು ಕೊಟ್ಟರು. ಅಕ್ಟೋಬರ್ 23ರಂದು ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಆ ಪಾದ್ರಿಯನ್ನು ಹಿಡಿದೊಯ್ದಿತು.

ಆ ಪ್ರಾರ್ಥನೆ ಅಂದಿನ ಒಂದು ದಿನದ ಮಾತಾಗಿರಲಿಲ್ಲ. 1938ರ ನವೆಂಬರ್ 9ರ ರಾತ್ರಿ ಜರ್ಮನಿಯುದ್ದಕ್ಕೂ ಯೆಹೂದ್ಯರ ಸಭಾಮಂದಿರಗಳಿಗೆ ಬೆಂಕಿ ಬಿತ್ತು. ಹೊರಗೆ ಉರಿಯುತ್ತಿರುವುದೂ ದೇವರ ಮನೆಯೇ ಎಂದು ಜನರಿಗೆ ನೆನಪಿಸಿದ ಈ ಪಾದ್ರಿ ಅಂದಿನಿಂದ ಸಂಜೆ ಸಂಜೆಯೂ ಅದೇ ಪ್ರಾರ್ಥನೆ ಮಾಡುತ್ತ ಬಂದಿದ್ದರು. ಹೆಚ್ಚುಕಡಿಮೆ ಮೂರು ವರ್ಷ.

ಪರರಿಗಾಗಿ ಪ್ರಾರ್ಥಿಸುವುದು ಕ್ರೈಸ್ತರ ಬದುಕಿನಲ್ಲಿ ಎಷ್ಟು ಬಳಕೆಯ ಸಂಗತಿಯೆಂದರೆ, ಅದನ್ನು ಯಾರೂ ನಿಂತು ಪರೀಕ್ಷಿಸುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ, ಸಾವಿನ ಮನೆಯಲ್ಲಿ, ಪರೀಕ್ಷೆಗೆ ಹೊರಟ ಮಗುವಿನ ತಲೆ ಸವರುವಾಗ ‘ಪ್ರಾರ್ಥನೆಯಲ್ಲಿ ನೆನಪು ಮಾಡಿಕೊಳ್ತೀವಿ’ ಎಂಬ ಮಾತು ತಾನಾಗಿ ಬರುತ್ತದೆ. ಆಡುವವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತಿನ ತೂಕ ಎಲ್ಲಿದೆ ಎಂದು ಕೇಳಿದಾಗ ಉತ್ತರ ತಡವರಿಸುತ್ತದೆ.

ಅಮೆರಿಕದ ವೈದ್ಯ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ಆ ತೂಕವನ್ನು ಅಂಕಿಗಳಲ್ಲೇ ಹಿಡಿಯಲು ಹೊರಟರು. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳ ಮೇಲೆ, 6 ಆಸ್ಪತ್ರೆಗಳಲ್ಲಿ ನಡೆದ ಆ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ತಮಗಾಗಿ ಯಾರಾದರೂ ಬೇಡುತ್ತಿದ್ದಾರೋ ಇಲ್ಲವೋ ಎಂದು ತಿಳಿಯದಿದ್ದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ಪಡೆದವರಿಗೂ ಪಡೆಯದವರಿಗೂ ತೊಡಕುಗಳಾದ ಪ್ರಮಾಣ ಒಂದೇ ಸಮ, ನೂರಕ್ಕೆ 51-52ರಷ್ಟು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದಿದ್ದವರಲ್ಲಿ ಅದು 59. ನಂಬದವರಿಗೆ ಇದು ಸಿದ್ಧ ಅಸ್ತ್ರವಾಯಿತು. ನಂಬುವ ಹಲವರು ಮುಖ ತಿರುಗಿಸಿದರು.

ಮುಖ ತಿರುಗಿಸಬೇಕಿಲ್ಲ. ಅಂಕಿಗಳಿಗಿಂತ ಪ್ರಯೋಗದ ಏರ್ಪಾಡೇ ಹೆಚ್ಚು ಹೇಳುತ್ತದೆ. ಪ್ರಾರ್ಥಿಸುವ ತಂಡಗಳ ಕೈಗೆ ಬಂದದ್ದು ರೋಗಿಯ ಮೊದಲ ಹೆಸರು, ಮನೆತನದ ಹೆಸರಿನ ಒಂದೇ ಅಕ್ಷರ. ಬೇಡಿಕೆಯಲ್ಲಿ ಸೇರಿಸಬೇಕಾದ ವಾಕ್ಯವೂ ಗೊತ್ತುಮಾಡಿದ್ದೇ. ಬೇಡುವವರು ಆ ಮಂಚದ ಬಳಿ ಹೋಗುವಂತಿರಲಿಲ್ಲ, ಮುಖ ನೋಡುವಂತಿರಲಿಲ್ಲ. ವಿಜ್ಞಾನದ ಶಿಸ್ತಿಗೆ ಇದೆಲ್ಲ ಬೇಕಿತ್ತು, ತಪ್ಪೇನಲ್ಲ. ಆದರೆ ಪರರಿಗಾಗಿ ಬೇಡುವುದರ ಜೀವ ಯಾವ ಸಂಬಂಧದಲ್ಲಿದೆಯೋ ಅದನ್ನೇ ಕತ್ತರಿಸಿ ತೆಗೆದ ಮೇಲೆ ಅಳೆಯಲು ಉಳಿದದ್ದು ಏನು? ಇನ್ನೂ ನೋಯಿಸುವ ಸಂಗತಿಯೆಂದರೆ, ಎಷ್ಟೋ ಆಲಯಗಳಲ್ಲಿ ಭಾನುವಾರದ ಪ್ರಾರ್ಥನೆ ನಡೆಯುವುದೂ ಹೆಚ್ಚುಕಡಿಮೆ ಆ ಪ್ರಯೋಗದ ರೀತಿಯಲ್ಲೇ.

ಕಥೋಲಿಕ ಬಲಿಪೂಜೆಯಲ್ಲಿ ಜನಸಾಮಾನ್ಯರ ಈ ಪ್ರಾರ್ಥನೆ ಶತಮಾನಗಳ ಕಾಲ ಮರೆಯಾಗಿತ್ತು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಅದನ್ನು ಮರಳಿ ತಂದಿತು. ಜನರ ಭಾಷೆಗೂ ಬಾಗಿಲು ತೆರೆಯಿತು. ಹಾಗಾಗಿಯೇ ಇಂದು ಕನ್ನಡದ ಪೂಜೆಯಲ್ಲಿ ಪ್ರಬೋಧನೆಯ ನಂತರ ಒಬ್ಬ ಗೃಹಿಣಿಯೋ ಕಾಲೇಜು ಹುಡುಗನೋ ಎದ್ದು ಬಂದು ಮೈಕಿನ ಮುಂದೆ ನಿಲ್ಲುತ್ತಾರೆ. ದೊಡ್ಡ ಸಾಧನೆಯದು. ಆದರೆ ಅವರ ಕೈಯಲ್ಲಿರುವುದು ಹೆಚ್ಚಾಗಿ ಅಚ್ಚಾದ ಪುಸ್ತಕದ ಹಾಳೆ: ರೋಗಿಗಳಿಗಾಗಿ, ಬಡವರಿಗಾಗಿ, ಲೋಕಶಾಂತಿಗಾಗಿ. ಮೂರನೇ ಸಾಲಿನಲ್ಲಿ ಕೂತ, ನಿನ್ನೆ ಡಯಾಲಿಸಿಸ್ ಮಾಡಿಸಿಕೊಂಡು ಬಂದ ಮುದುಕ ಆ ‘ರೋಗಿಗಳ’ ಗುಂಪಿನೊಳಗೆ ಕಾಣದೇ ಹೋಗುತ್ತಾನೆ. ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ.

ಇದರ ತದ್ವಿರುದ್ಧ ದೋಷವೂ ಉಂಟು. ಮನೆಮನೆಯ ಪ್ರಾರ್ಥನಾ ಕೂಟಗಳಲ್ಲಿ ಹೆಸರು ಬೇಕಾದಷ್ಟು ಬರುತ್ತದೆ, ಅದರ ಬೆನ್ನಿಗೆ ವಿವರವೂ. ಯಾರ ಮಗಳು ಯಾರ ಜೊತೆ ಹೋದಳು, ಯಾರ ಗಂಡ ಮತ್ತೆ ಕುಡಿಯತೊಡಗಿದ, ಎಲ್ಲವೂ ಕಣ್ಣುಮುಚ್ಚಿಕೊಂಡೇ ಬಯಲಾಗುತ್ತದೆ. ದೇವರಿಗೆ ಹೇಳಿದ ಮಾತು ಸಂಜೆಯೊಳಗೆ ಬೀದಿಗೆಲ್ಲ ತಲುಪಿರುತ್ತದೆ. ಆ ಮನೆಯವರು ಮುಂದಿನ ವಾರ ಕೂಟಕ್ಕೆ ಬರುವುದೇ ಇಲ್ಲ.

ಹೆಸರು ಹಿಡಿದ ಮಾತ್ರಕ್ಕೆ ಪ್ರಾರ್ಥನೆ ಶುದ್ಧವಾಗುವುದಿಲ್ಲ ಎಂಬುದಕ್ಕೆ ಲಿಶ್ಟನ್‌ಬರ್ಗರು ನಿಂತಿದ್ದ ಬಲಿಪೀಠವೇ ಸಾಕ್ಷಿ. ಅಂದಿನ ರೋಮನ್ ವಿಧಿಯ ಪ್ರಕಾರ ಶುಭ ಶುಕ್ರವಾರದಂದು ಯೆಹೂದ್ಯರಿಗಾಗಿ ಲ್ಯಾಟಿನ್ ಪ್ರಾರ್ಥನೆಯೊಂದಿತ್ತು. ಅದರಲ್ಲಿ ಅವರನ್ನು ವಿಶ್ವಾಸಹೀನರೆಂದು ಕರೆಯುವ ‘ಪೆರ್ಫಿದಿಸ್’ ಎಂಬ ಶಬ್ದ ಇತ್ತು. ಬೇರೆಯವರಿಗಾಗಿ ಬೇಡುವಾಗ ಮಂಡಿಯೂರುತ್ತಿದ್ದ ಸಭೆ ಇವರಿಗಾಗಿ ಮಂಡಿಯೂರುತ್ತಿರಲಿಲ್ಲ. 1955ರಲ್ಲಿ ಮಂಡಿಯೂರುವುದು ಮರಳಿತು; 1959ರಲ್ಲಿ ಪೋಪ್ 23ನೇ ಜಾನ್ ಆ ಶಬ್ದವನ್ನು ತೆಗೆಸಿದರು. ಒಂದೇ ಆಲಯ, ಒಂದೇ ಜನರಿಗಾಗಿ ಎರಡು ಪ್ರಾರ್ಥನೆ: ಒಂದು ಮೇಲಿನ ಮೆಟ್ಟಿಲಲ್ಲಿ ನಿಂತು ಕೆಳಗಿನವರನ್ನು ತಿದ್ದಲು ಬೇಡಿದ್ದು, ಇನ್ನೊಂದು ಅವರ ಪಕ್ಕಕ್ಕೆ ಹೋಗಿ ನಿಂತದ್ದು. ‘ಅವನಿಗೆ ಬುದ್ಧಿ ಕೊಡಪ್ಪಾ’ ಎಂದು ಮನೆಗಳಲ್ಲಿ ಇಂದಿಗೂ ನಡೆಯುವ ಪ್ರಾರ್ಥನೆಗಳಲ್ಲಿ ಮೊದಲನೆಯದರ ದನಿ ಕೇಳಿಸುತ್ತದೆ.

ಸತ್ಯವೇದದಲ್ಲಿ ಪಕ್ಕಕ್ಕೆ ನಿಂತು ಬೇಡುವವರಿಗೆ ಕೊರತೆಯಿಲ್ಲ. ಸೊದೋಮ್ ಪಟ್ಟಣಕ್ಕಾಗಿ ಅಬ್ರಹಾಮ ಮಾಡಿದ್ದು ಸಂತೆಯ ಚೌಕಾಸಿಯಂಥದ್ದೇ: 50 ನೀತಿವಂತರಿಂದ ಶುರುವಾಗಿ 45, 40, 30, 20, ಕೊನೆಗೆ 10. ಪ್ರತಿ ಸಲವೂ ದೇವರು ಸಿಟ್ಟಾದಾನೆಂಬ ಅಂಜಿಕೆ, ಆದರೂ ಬಿಡದ ಹಟ. ಆ ಊರು ಅವನದಲ್ಲ ಎಂಬುದನ್ನು ಗಮನಿಸಬೇಕು. ಜರ್ಮನಿಯ ಪ್ರೊಟೆಸ್ಟಂಟ್ ಪಾದ್ರಿ ಡೀಟ್ರಿಶ್ ಬೊನ್ಹಾಫರ್ 1939ರಲ್ಲಿ ಹೊರತಂದ, ಕೂಡಿಬಾಳುವುದರ ಕುರಿತ ಕಿರುಪುಸ್ತಕದಲ್ಲಿ ಇದಕ್ಕೆ ಹೊಂದುವ ವಿಚಾರವಿದೆ: ಯಾರಿಗಾಗಿ ಪ್ರಾರ್ಥಿಸುತ್ತೇವೋ ಅವರನ್ನು ದ್ವೇಷಿಸುತ್ತ ಇರಲಾಗದು, ಸಹಿಸಲಾಗದ ಮುಖವೂ ಕ್ರಿಸ್ತ ಪ್ರಾಣ ಕೊಟ್ಟ ಒಬ್ಬ ಸೋದರನ ಮುಖವಾಗಿ ಕಾಣತೊಡಗುತ್ತದೆ. ಬೊನ್ಹಾಫರ್ ಇದನ್ನು ಬರೆದದ್ದು ತಮ್ಮ ಗುರುಕುಲವನ್ನು ಗೆಸ್ಟಾಪೊ ಮುಚ್ಚಿಸಿದ ಮೇಲೆ, ಆರಾಮಕುರ್ಚಿಯ ಮಾತಲ್ಲ.

ಹಾಗಾದರೆ ಲಿಶ್ಟನ್‌ಬರ್ಗರ ಪ್ರಾರ್ಥನೆ ಫಲಿಸಿತೇ? ಬರ್ಲಿನ್ನಿನ ಯೆಹೂದ್ಯರನ್ನು ತುಂಬಿಕೊಂಡ ಮೊದಲ ರೈಲು 1941ರ ಅಕ್ಟೋಬರ್ 18ರಂದು ಪೋಲೆಂಡಿನ ಲೋಡ್ಜ್‌ಗೆ ಹೊರಟಿತು, ಪಾದ್ರಿಯ ಬಂಧನಕ್ಕೆ ಐದೇ ದಿನ ಮೊದಲು. ಸಂಜೆಗಳ ಪ್ರಾರ್ಥನೆ ಆ ರೈಲನ್ನು ನಿಲ್ಲಿಸಲಿಲ್ಲ. ಇದನ್ನು ಮುಚ್ಚಿಟ್ಟು ಪ್ರಾರ್ಥನೆಯ ಮಹಿಮೆ ಹಾಡುವುದು ಆ ರೈಲಿನಲ್ಲಿದ್ದವರಿಗೆ ಮಾಡುವ ಅನ್ಯಾಯ. ನಡೆದದ್ದು ಇನ್ನೊಂದು ಕಡೆ, ಬೇಡುತ್ತಿದ್ದವರೊಳಗೆ. ದಿನವೂ ಯಾರನ್ನು ಕರೆದು ಬೇಡುತ್ತಿದ್ದರೋ ಅವರನ್ನು ಬಿಟ್ಟು ಬದುಕುವುದು ಆ ಪಾದ್ರಿಗೆ ಅಸಾಧ್ಯವಾಗುತ್ತ ಬಂತು. ಬೌದ್ಧಿಕ ನ್ಯೂನತೆಯವರನ್ನೂ ಮನೋರೋಗಿಗಳನ್ನೂ ಸರ್ಕಾರ ಕೊಲ್ಲಿಸುತ್ತಿದ್ದುದರ ವಿರುದ್ಧ ಅದೇ ಆಗಸ್ಟ್‌ನಲ್ಲಿ ಆರೋಗ್ಯಾಡಳಿತದ ಮುಖ್ಯಸ್ಥನಿಗೇ ಪ್ರತಿಭಟನೆಯ ಪತ್ರ ಬರೆದರು. ಯೆಹೂದ್ಯರನ್ನೂ ನೆರೆಯವರಂತೆ ಪ್ರೀತಿಸಬೇಕೆಂದು ಪೀಠದಿಂದ ಓದಲು ಸಿದ್ಧಪಡಿಸಿದ್ದ ಪ್ರಕಟಣೆಯೊಂದು ಮನೆ ಶೋಧದಲ್ಲಿ ಪೊಲೀಸರ ಕೈಗೆ ಸಿಕ್ಕಿತು.

1942ರ ಮೇ ತಿಂಗಳಲ್ಲಿ ಎರಡು ವರ್ಷದ ಸಜೆಯಾಯಿತು. ಹೃದಯ ಕೆಟ್ಟಿತ್ತು. ಸೆರೆಯಿಂದ ಹೊರಬಂದರೆ ಮುಂದೇನು ಎಂಬ ಪ್ರಶ್ನೆ ಎದ್ದಾಗ, ಲೋಡ್ಜ್‌ಗೆ ಸಾಗಿಸಲಾದ ಯೆಹೂದ್ಯರ ಜೊತೆ ತನ್ನನ್ನೂ ಕಳಿಸಿ ಎಂದು ಕೇಳಿಕೊಂಡರು. ಆ ಕೋರಿಕೆ ಈಡೇರಲಿಲ್ಲ. ಸಜೆ ಮುಗಿಯುತ್ತಲೇ ದಖಾವ್ ಶಿಬಿರದ ದಾರಿ ಹಿಡಿಸಿದರು. 1943ರ ನವೆಂಬರ್ 5ರಂದು, ಶಿಬಿರ ತಲುಪುವ ಮೊದಲೇ, ಹೋಫ್ ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡರು.