ಉರಿದ ಕ್ಯಾಲೊರಿ, ಉಣಿಸುವ ಕ್ಯಾಲೊರಿ

ವೆಂಟಿಲೇಟರ್ ಮೇಲಿರುವ ರೋಗಿ ಹಸಿವು ಎನ್ನುವುದಿಲ್ಲ, ಸಾಕು ಎಂದೂ ಅನ್ನುವುದಿಲ್ಲ. ನಳಿಕೆಯಲ್ಲಿ ಎಷ್ಟು ಆಹಾರ ಹರಿಸಬೇಕೆಂದು ಬೇರೆಯವರೇ ಲೆಕ್ಕ ಹಾಕಬೇಕು. ಸಲೀಸಾದ ಲೆಕ್ಕವೊಂದಿದೆ: ಕಿಲೋ ತೂಕಕ್ಕೆ ದಿನಕ್ಕೆ 25 ಕ್ಯಾಲೊರಿ. ಇನ್ನೊಂದು ಹ್ಯಾರಿಸ್-ಬೆನೆಡಿಕ್ಟ್ ಸೂತ್ರ. ಅದು ಸುಮಾರು ನೂರು ವರ್ಷಗಳ ಹಿಂದೆ ಅಮೆರಿಕದ ಆರೋಗ್ಯವಂತರನ್ನು ಅಳೆದು ಕಟ್ಟಿದ್ದು. ಜ್ವರ, ಸೋಂಕು, ಮಂಪರಿನ ಔಷಧಗಳ ನಡುವೆ ಮಲಗಿದ ದೇಹಕ್ಕೆ ಹೊಂದದಿದ್ದರೆ ಅಚ್ಚರಿಯಿಲ್ಲ. ಮೈಯೆಲ್ಲ ಊದಿಕೊಂಡವರ ನಿಜವಾದ ತೂಕ ಯಾವುದು ಎಂಬ ತಕರಾರು ಬೇರೆ.

ಅದಕ್ಕೇ ಪರೋಕ್ಷ ಕ್ಯಾಲೊರಿಮೆಟ್ರಿ. ದೇಹ ಬಳಸಿದ ಆಮ್ಲಜನಕ, ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಎರಡನ್ನೂ ಯಂತ್ರದಿಂದ ಅಳೆದು ವೀರ್ ಎಂಬ ವಿಜ್ಞಾನಿ 1949ರಲ್ಲಿ ಕೊಟ್ಟ ಸಮೀಕರಣಕ್ಕೆ ಹಾಕಿದರೆ ಆ ದಿನದ ಕ್ಯಾಲೊರಿ ಖರ್ಚು ಸಿಗುತ್ತದೆ. ಊಹೆಯ ಬದಲು ಅಳತೆ, ಯಾರಿಗೆ ಬೇಡ?

ಇಸ್ರೇಲಿನ ಪಿಯರ್ ಸಿಂಗರ್ ತಂಡ 2011ರಲ್ಲಿ ಪ್ರಕಟಿಸಿದ ಟಿಕಾಕೋಸ್ ಅಧ್ಯಯನ ಈ ನಂಬಿಕೆಯನ್ನು ಒರೆಗೆ ಹಚ್ಚಿತು. 130 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಅಳತೆಯಂತೆ, ಉಳಿದವರಿಗೆ 25 ಕ್ಯಾಲೊರಿಯ ಲೆಕ್ಕದಂತೆ ಆಹಾರ. ಅಳತೆಯ ಗುಂಪಿಗೆ ದಿನಕ್ಕೆ ಸರಾಸರಿ 2086 ಕ್ಯಾಲೊರಿ ಸೇರಿತು, ಇನ್ನೊಂದಕ್ಕೆ 1480. ಆಸ್ಪತ್ರೆಯಲ್ಲಿ ಸತ್ತವರು ಶೇ. 32.3 ಮತ್ತು ಶೇ. 47.7. ಅಂತರ ದೊಡ್ಡದೇ, ಆದರೆ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ. ಅಳತೆಯನ್ನು ಮೆಚ್ಚುವವರು ಈ ಅಂಕಿಯನ್ನು ಎತ್ತಿ ಹಿಡಿಯುತ್ತಾರೆ. ಅಳತೆಯ ಗುಂಪೇ ವೆಂಟಿಲೇಟರ್ ಮೇಲೆ 10.5 ದಿನದ ಬದಲು 16.1 ದಿನ ಕಳೆಯಿತೆಂಬುದು ಹಿಂದೆ ಸರಿಯುತ್ತದೆ.

ತಪ್ಪು ಯಂತ್ರದ್ದಲ್ಲ. ಅದು ಹೇಳುವುದು ಎಷ್ಟು ಉರಿಯಿತು ಎಂಬುದನ್ನು; ಹೊರಗಿನಿಂದ ಎಷ್ಟು ಕೊಡಬೇಕು ಎಂಬುದನ್ನಲ್ಲ. ತೀವ್ರ ಕಾಯಿಲೆಯ ಮೊದಲ ದಿನಗಳಲ್ಲಿ ದೇಹ ತನ್ನದೇ ಸ್ನಾಯು, ಕೊಬ್ಬು ಕರಗಿಸಿ ಇಂಧನ ಮಾಡಿಕೊಳ್ಳುತ್ತದೆ. ನಳಿಕೆಯಲ್ಲಿ ಆಹಾರ ಹರಿಸಿದರೂ ಆ ಉತ್ಪಾದನೆ ಪೂರ್ತಿ ನಿಲ್ಲುವುದಿಲ್ಲ. ಅಳೆದಷ್ಟನ್ನೂ ಸುರಿದರೆ ಎರಡೂ ಸೇರಿ ಅತಿಯಾಗುತ್ತದೆ. ಈ ಒಳಗಿನ ಪಾಲನ್ನು ಹಾಸಿಗೆಯ ಪಕ್ಕದಲ್ಲಿ ಅಳೆಯುವ ಸುಲಭ ಸಾಧನ ಇನ್ನೂ ಇಲ್ಲ.

ಮುಂದಿನ ಅಧ್ಯಯನಗಳೂ ಉತ್ಸಾಹ ತಗ್ಗಿಸಿದವು. 2017ರ ಡ್ಯಾನಿಶ್ ಪ್ರಯೋಗದಲ್ಲಿ ಅಳೆದು ಉಣಿಸಿದವರ ದೈಹಿಕ ಸ್ಥಿತಿ ಆರು ತಿಂಗಳ ನಂತರ ಉಳಿದವರಿಗಿಂತ ಉತ್ತಮವಾಗಿರಲಿಲ್ಲ. 2023ರ ಫ್ರೆಂಚ್ ನ್ಯೂಟ್ರಿರಿಯಾ-3ರಲ್ಲಿ ಯಂತ್ರದ ಅಳತೆಯೇ ಇರಲಿಲ್ಲ. ಅಲ್ಲಿ ಆಘಾತ ಸ್ಥಿತಿಯ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ, ಮೊದಲ ವಾರ ಕಿಲೋಗೆ ಬರೀ 6 ಕ್ಯಾಲೊರಿ ಪಡೆದವರು 25 ಪಡೆದವರಿಗಿಂತ ಬೇಗ ಐಸಿಯು ಬಿಡುವಷ್ಟು ಚೇತರಿಸಿಕೊಂಡರು. ಸಾವಿನ ಪ್ರಮಾಣದಲ್ಲಿ ಮಾತ್ರ ಗಣನೀಯ ವ್ಯತ್ಯಾಸವಿರಲಿಲ್ಲ.

ಯಂತ್ರಕ್ಕೂ ಮಿತಿಗಳಿವೆ. ಕೊಳವೆಯಲ್ಲಿ ಗಾಳಿ ಸೋರಿದರೆ, ಆಮ್ಲಜನಕ ಬಹಳ ಹೆಚ್ಚು ಬೇಕಾದರೆ ಅಂಕಿಯನ್ನು ನಂಬುವಂತಿಲ್ಲ. ಅಂದರೆ ತೀರಾ ಕಾಯಿಲೆಯಾದವರಲ್ಲೇ ಅದು ಕೈಕೊಡುತ್ತದೆ.

ಹಾಗೆಂದು ಯಂತ್ರವನ್ನು ಮೂಲೆಗೆ ತಳ್ಳುವಂತಿಲ್ಲ. ವಾರಗಟ್ಟಲೆ ಐಸಿಯುನಲ್ಲಿರುವವರು, ತೀರಾ ದಪ್ಪ ಅಥವಾ ತೀರಾ ಸೊರಗಿದವರು, ಸುಟ್ಟಗಾಯದವರು, ಇವರ ವಿಷಯದಲ್ಲಿ ಸೂತ್ರಗಳು ಬಹಳ ಎಡವುತ್ತವೆ. ಅಲ್ಲಿ ಅಳತೆಗೆ ಸಾಟಿಯಿಲ್ಲ. ಯುರೋಪಿನ ಎಸ್ಪೆನ್ ಸಂಸ್ಥೆಯ 2019ರ ಮಾರ್ಗಸೂಚಿ ಅಳೆಯಿರಿ ಎನ್ನುತ್ತದೆ, ಆದರೆ ಆರಂಭದ ದಿನಗಳಲ್ಲಿ ಅಳತೆಯ ಶೇ. 70ನ್ನು ಮೀರಬೇಡಿ ಎಂದೂ ಹೇಳುತ್ತದೆ. ಅಳತೆಯನ್ನು ಮುಟ್ಟಲೇಬೇಕಾದ ಗುರಿಯೆನ್ನದೆ ದಾಟಬಾರದ ಮಿತಿಯೆಂದು ಓದುವ ಐಸಿಯುಗೆ ಮಾತ್ರ ಈ ದುಬಾರಿ ಯಂತ್ರ ತಕ್ಕದ್ದು.